ಬೀಡಿನ ಮನೆ ಮತ್ತು ಶ್ರಾವಕನ ಅಪರಿಗ್ರಹ

ಶ್ರಾವಕನಿಗೆ ಮನೆಯೇ ಇರಬಾರದೆಂದು ಜೈನಾಚಾರ್ಯರು ಹೇಳಿಲ್ಲ. ಅದಕ್ಕೊಂದು ಮಿತಿಯಿರಬೇಕೆಂದು ಹೇಳಿದ್ದಾರೆ. ಪರಿಗ್ರಹಪರಿಮಾಣವೆಂಬ ಅಣುವ್ರತಕ್ಕೆ ತಗಲುವ ಅತಿಚಾರಗಳನ್ನು ಎಣಿಸುವಾಗ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಬೆಳ್ಳಿಬಂಗಾರಕ್ಕೂ ಧನಧಾನ್ಯಕ್ಕೂ ಮೊದಲು ಹೆಸರಿಸುವ ಜೋಡಿ ಕ್ಷೇತ್ರ ಮತ್ತು ವಾಸ್ತು, ಎಂದರೆ ಹೊಲ ಮತ್ತು ಮನೆ. ಮನುಷ್ಯನ ಮಮತೆ ಮೊದಲು ಎಲ್ಲಿ ಬೇರೂರುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. ಆದರೆ ಅದೇ ಗ್ರಂಥವು ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ, ವಸ್ತುವಿನ ಮೇಲಣ ಮೂರ್ಛೆಯಲ್ಲಿ ಕಾಣುತ್ತದೆ. ತುಳುನಾಡಿನ ಹಳೆಯ ಜೈನ ಬೀಡು, ಗುತ್ತು, ಅರಮನೆಗಳನ್ನು ಉಳಿಸಿಕೊಳ್ಳಬೇಕೆ, ಉಳಿಸುವುದಾದರೆ ಯಾವ ಭಾವದಿಂದ ಉಳಿಸಬೇಕು ಎಂಬ ವಿಚಾರವನ್ನು ಈ ಎರಡು ಮಾತುಗಳನ್ನು ಎದುರಿಗಿಟ್ಟುಕೊಂಡೇ ಮಾಡಬೇಕಾಗಿದೆ.

ಮೂಡುಬಿದಿರೆಯ ಚೌಟರ ಅರಮನೆ ಇವುಗಳಲ್ಲಿ ಎಲ್ಲರಿಗೂ ಪರಿಚಿತವಾದುದು. ಅದರ ಮರದ ಕಂಬಗಳ ಮೇಲಿನ ನವನಾರೀಕುಂಜರವನ್ನೂ ಪಂಚನಾರೀತುರಗವನ್ನೂ ನೋಡಲೆಂದೇ ದೂರದಿಂದ ಜನ ಬರುತ್ತಾರೆ; ಆನೆಯೆಂದು ಕಂಡದ್ದು ಹತ್ತಿರ ಹೋದಾಗ ಒಂಬತ್ತು ಮಂದಿ ಸ್ತ್ರೀಯರಾಗುವ ಆ ಬೆರಗು ಚಿತ್ರದಲ್ಲಿ ಸಿಗುವಂಥದಲ್ಲ. ವೇಣೂರಿನಲ್ಲಿ 1604ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ತಿಮ್ಮಣ್ಣಾಜಿಲರ ವಂಶದ ಅರಮನೆ ಅಳದಂಗಡಿಯಲ್ಲಿದೆ. ಮೂಲ್ಕಿ ಸೀಮೆಯ ಸಾವಂತರದು ಪಡುಪಣಂಬೂರಿನಲ್ಲಿ. ಇವು ಹೆಸರಾದವು. ಗದ್ದೆಬಯಲಿನ ಅಂಚಿಗೆ, ಗುಡ್ಡಕ್ಕೆ ಬೆನ್ನುಕೊಟ್ಟು ನಿಂತಿರುವ, ಹೊರಗಿನವರು ಹೆಸರು ಕೇಳದ ಬೀಡುಗಳೂ ಗುತ್ತುಗಳೂ ಅನೇಕ. ಮುರಕಲ್ಲಿನ ಗೋಡೆ, ಹಲಸು ಹೆಬ್ಬಲಸುಗಳ ಕಂಬ, ಅಂಗಳದ ಕಡೆಗೆ ತೆರೆದ ಚಾವಡಿ, ಒಳಗೆ ಚೈತ್ಯಾಲಯ, ಆಚೆಗೆ ದೈವದ ಚಾವಡಿ. ಜಿನಬಿಂಬಕ್ಕೂ ತುಳುವ ದೈವಕ್ಕೂ ಒಂದೇ ಮಾಡಿನಡಿಯಲ್ಲಿ ಸ್ಥಳವಿರುವುದನ್ನು ಕಂಡು ಹೊರಗಿನವರು ಅಚ್ಚರಿಪಡುವುದುಂಟು. ಮನೆಯವರಿಗೆ ಅದು ಪ್ರಶ್ನೆಯೇ ಅಲ್ಲ.

ಈ ವೈಭವದ ಮೂಲವನ್ನು ಮರೆಮಾಚಿ ಪರಂಪರೆಯ ಮಾತಾಡುವುದು ಸತ್ಯವ್ರತಕ್ಕೆ ಸಲ್ಲದು. ಒಕ್ಕಲುಗಳು ಅಳೆದ ಗೇಣಿಯ ಅಕ್ಕಿಯಿಂದ ಈ ಚಾವಡಿಗಳು ಎದ್ದವು. ತಿದ್ದುಪಡಿಯಾದ ಭೂಸುಧಾರಣಾ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಭೂಮಿ ಉಳುವವನಿಗೆ ಸಂದಾಗ ಅನೇಕ ಮನೆತನಗಳು ಮರುಗಿದವು. ಆದರೆ ಶ್ರಾವಕಧರ್ಮದ ತಕ್ಕಡಿಯಲ್ಲಿಟ್ಟು ತೂಗಿದರೆ ಅದು ಕ್ಷೇತ್ರದ ಪರಿಮಾಣವೇ ಆಗಿತ್ತು. ತಾವಾಗಿ ಸ್ವೀಕರಿಸದ ವ್ರತವನ್ನು ಕಾನೂನು ಸ್ವೀಕರಿಸುವಂತೆ ಮಾಡಿತು. ಹೊಲ ಹೋಯಿತು, ಮನೆ ಉಳಿಯಿತು. ನೂರಾರು ಮುಡಿ ಅಕ್ಕಿಯ ಬಲದಿಂದ ನಿಂತ ಮಾಡನ್ನು ನಾಲ್ಕೆಕರೆ ಅಡಕೆತೋಟದ ಉತ್ಪನ್ನದಿಂದ ಕಾಯುವುದು ಹೇಗೆ? ಇತ್ತ ಅಳಿಯಸಂತಾನದ ಕುಟುಂಬಗಳಲ್ಲಿ 1949ರ ಮದ್ರಾಸು ಕಾಯಿದೆ ಪಾಲಿನ ಹಕ್ಕನ್ನು ಕೊಟ್ಟಿತ್ತು. ಹೆಣ್ಣಿನ ಕಡೆಯಿಂದ ಅವಿಭಕ್ತವಾಗಿ ಬಂದ ಮನೆಗೆ ಹಲವು ಹಕ್ಕುದಾರರಾದರು. ಅವರಲ್ಲಿ ಕೆಲವರು ಮುಂಬಯಿಯಲ್ಲಿ, ಕೆಲವರು ಬೆಂಗಳೂರಿನಲ್ಲಿ; ನೇಮದ ದಿನ ಬೀಗ ತೆರೆದು, ಮರುದಿನ ಬೀಗ ಹಾಕಿ ಹೊರಡುವರು.

ಬೀಗ ಬಿದ್ದ ಮನೆಯನ್ನು ಮೊದಲು ಹುಡುಕಿಕೊಂಡು ಬರುವವನು ಹಳೆಯ ಮರದ ವ್ಯಾಪಾರಿ. ಕೆತ್ತನೆಯ ಬಾಗಿಲುವಾಡಕ್ಕೆ, ಕಂಬಕ್ಕೆ ಅವನು ಹೇಳುವ ಬೆಲೆ ಮನೆಯ ಯಜಮಾನನಿಗೆ ಒಂದು ವರ್ಷದ ತೋಟದ ಹುಟ್ಟುವಳಿಗಿಂತ ದೊಡ್ಡದಾಗಿ ಕಾಣಬಹುದು. ಮಗಳ ಮದುವೆ, ಮಗನ ಓದು ಎದುರಿಗಿರುವಾಗ ಯಜಮಾನನನ್ನು ಹಳಿಯುವುದು ಸುಲಭ, ಸಹಾಯ ಮಾಡುವುದು ಕಷ್ಟ. ಕಂಬವೊಂದು ಯಾವುದೋ ಹೋಟೆಲಿನ ಹಜಾರಕ್ಕೆ ಅಲಂಕಾರವಾಗುವುದಕ್ಕಿಂತ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಮಾಡಿದಂತೆ ಇಡೀ ಮನೆಯನ್ನೇ ಕಳಚಿ ತಂದು ಮತ್ತೆ ಜೋಡಿಸಿ ನಿಲ್ಲಿಸುವುದು ಎಷ್ಟೋ ಮೇಲು. 2017ರಲ್ಲಿ ತೀರಿಕೊಂಡ ಆ ಮಹನೀಯರು ಸೌದೆಯಾಗಲಿದ್ದುದನ್ನು ಕಾಪಾಡಿದರು. ಆದರೆ ಅಲ್ಲಿ ಒಲೆ ಉರಿಯುವುದಿಲ್ಲ, ಸಂಜೆಯ ಆರತಿಯಿಲ್ಲ, ಬಾಗಿಲಿಗೆ ಬಂದವರನ್ನು ಹೆಸರು ಹಿಡಿದು ಕರೆಯುವ ಹಿರಿಯಮ್ಮನಿಲ್ಲ. ಬೇರೆ ದಾರಿಯಿಲ್ಲದಿದ್ದಾಗ ಹಿಡಿಯಬೇಕಾದ ದಾರಿ ಅದು.

ಜೈನ ಮನೆತನಕ್ಕೆ ಇನ್ನೊಂದು ಇಕ್ಕಟ್ಟೂ ಇದೆ. ಅದು ಗೆದ್ದಲು. ಮರದ ಮನೆಯ ರಕ್ಷಣೆಯ ಬಗ್ಗೆ ಸಲಹೆ ಕೇಳಿದರೆ ಈಗ ದೊರೆಯುವ ಮೊದಲ ಉತ್ತರವೇ ವಿಷ. ಗೋಡೆಯ ಬುಡದುದ್ದಕ್ಕೂ ನೆಲಕ್ಕೆ ರಂಧ್ರ ಕೊರೆದು ದ್ರಾವಣ ತುಂಬುತ್ತಾರೆ. ಅಂಗಳದಲ್ಲೇ ಬಾವಿಯಿರುವುದನ್ನು ನೆನೆದರೆ ಭಯವಾಗುತ್ತದೆ. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದ ಮೇಲೆ ಉಣ್ಣದ ಮನೆಯೊಳಗೆ ಜೀವರಾಶಿಯನ್ನು ಹೀಗೆ ಕೊಲ್ಲಿಸಿ ಪೂರ್ವಜರ ಕಂಬವನ್ನು ಉಳಿಸುವುದು ಸರಿಯೆ? ಗೃಹಸ್ಥನಿಗೆ ಅಡುಗೆ, ಗುಡಿಸುವಿಕೆಗಳಲ್ಲಿ ತಪ್ಪಿಸಲಾಗದ ಆರಂಭೀಹಿಂಸೆಯನ್ನು ಶಾಸ್ತ್ರವು ಒಪ್ಪಿಕೊಂಡಿದೆ, ಸಂಕಲ್ಪಪೂರ್ವಕ ಹಿಂಸೆಯನ್ನು ಒಪ್ಪಿಲ್ಲ. ವಿಷಪ್ರಯೋಗವನ್ನು ಯಾವುದರ ಲೆಕ್ಕಕ್ಕೆ ಹಾಕಬೇಕೆಂದು ಚರ್ಚಿಸುತ್ತ ಕುಳಿತರೆ ಕಂಬ ಟೊಳ್ಳಾಗುತ್ತದೆ.

ಹಿಂದಿನವರು ಈ ಚರ್ಚೆಗೆ ಬಹುಮಟ್ಟಿಗೆ ಎಡೆಯನ್ನೇ ಕೊಟ್ಟಿರಲಿಲ್ಲ. ಗೆದ್ದಲಿಗೆ ಬೇಕಾದುದು ತೇವ, ಕತ್ತಲೆ ಮತ್ತು ಯಾರೂ ಅಲುಗಾಡಿಸದ ಮೂಲೆ. ದಿನವೂ ಒಲೆಯ ಹೊಗೆ ಅಟ್ಟಕ್ಕೇರುತ್ತಿದ್ದ, ಬಾಗಿಲು ಕಿಟಕಿಗಳು ತೆರೆದಿರುತ್ತಿದ್ದ, ಗೋಡೆಯ ಮೇಲೆ ಮಣ್ಣಿನ ಸಣ್ಣ ಗೆರೆ ಕಂಡಾಗಲೇ ಪೊರಕೆಯಿಂದ ಸರಿಸುತ್ತಿದ್ದ, ಒಡೆದ ಹೆಂಚನ್ನು ಆ ದಿನವೇ ಬದಲಿಸುತ್ತಿದ್ದ, ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದ ಮನೆಯಲ್ಲಿ ಅದು ನೆಲೆಯೂರುವುದು ಕಷ್ಟವಾಗಿತ್ತು. ನೆಲೆಯೂರಿದ ಮೇಲೆ ಸಾವಿರಾರು ಜೀವಿಗಳನ್ನು ಕೊಲ್ಲುವುದಕ್ಕೂ ನೆಲೆಯೂರದಂತೆ ನೋಡಿಕೊಳ್ಳುವುದಕ್ಕೂ ಇರುವ ಅಂತರವೇ ಪ್ರಮಾದಕ್ಕೂ ಯತ್ನಾಚಾರಕ್ಕೂ ಇರುವ ಅಂತರ. ಜನವಸತಿಯುಳ್ಳ ಮನೆ ವಿಷವನ್ನು ಬೇಡುವುದು ಕಡಿಮೆ. ಬೀಗ ಹಾಕಿದ ಮನೆಗೆ ಕೊನೆಗೆ ಅದೊಂದೇ ಗತಿ. ಆದುದರಿಂದ ಹಳೆಯ ಮನೆಯನ್ನು ಉಳಿಸುವುದೆಂದರೆ ಅದರಲ್ಲಿ ವಾಸಿಸುವುದು ಎಂಬ ಮಾತು ಕಟ್ಟಡಶಾಸ್ತ್ರಕ್ಕೆ ಎಷ್ಟು ಒಪ್ಪುತ್ತದೋ ಅಹಿಂಸೆಗೂ ಅಷ್ಟೇ ಒಪ್ಪುತ್ತದೆ.

ಯಾರು ವಾಸಿಸಬೇಕು? ಕುಡುಮದ ನೆಲ್ಯಾಡಿ ಬೀಡಿನ ಐತಿಹ್ಯವನ್ನು ಇಲ್ಲಿ ನೆನೆಯಬಹುದು. ಬಿರ್ಮಣ ಪೆರ್ಗಡೆ, ಅಮ್ಮು ಬಲ್ಲಾಳ್ತಿ ದಂಪತಿಗಳ ಆತಿಥ್ಯ ಪಡೆದ ಧರ್ಮದೈವಗಳು ಮನೆಯನ್ನೇ ಬಿಟ್ಟುಕೊಡುವಂತೆ ಕೇಳಿದವಂತೆ. ದಂಪತಿಗಳು ಬಿಟ್ಟುಕೊಟ್ಟು ತಮಗೆ ಬೇರೆ ಮನೆ ಕಟ್ಟಿಕೊಂಡರು. ಧರ್ಮಸ್ಥಳದ ಮೂಲ ಹೀಗೆ ತೆರವು ಮಾಡಿಕೊಟ್ಟ ಒಂದು ಜೈನ ಮನೆಯಲ್ಲಿದೆ. ಆ ಬೀಡು ಇಂದಿಗೂ ಪೂಜ್ಯವಾಗಿದೆ. ಸ್ವಾಮ್ಯವನ್ನು ತ್ಯಜಿಸಿದರೂ ಮನೆ ಉಳಿಯಬಲ್ಲದು, ಬಹುಶಃ ತ್ಯಜಿಸಿದ್ದರಿಂದಲೇ ಉಳಿಯಿತು. ಎಲ್ಲ ಬೀಡುಗಳೂ ಕ್ಷೇತ್ರಗಳಾಗಲಾರವು. ಆದರೆ ಹಕ್ಕುದಾರರೆಲ್ಲ ಒಪ್ಪಿ ಮನೆಯನ್ನು ಕುಟುಂಬದ ಟ್ರಸ್ಟಿಗೆ ಬರೆದುಕೊಟ್ಟು, ಅಲ್ಲಿಯೇ ಇರಲು ಇಷ್ಟವಿರುವ ಒಬ್ಬ ಸದಸ್ಯನಿಗೆ, ಅದು ವಿಧವೆಯಾದ ಸೋದರಿಯಾಗಿರಬಹುದು, ನಿವೃತ್ತನಾದ ಅಳಿಯನಾಗಿರಬಹುದು, ವಾಸದ ಹಕ್ಕನ್ನೂ ರಿಪೇರಿಯ ಹಣವನ್ನೂ ಕೊಡುವುದು ಅಸಾಧ್ಯವೇನಲ್ಲ. ವಿಹಾರದಲ್ಲಿರುವ ಮುನಿಗಳಿಗೆ ಆಹಾರದಾನ ಮಾಡಲು ಶುದ್ಧವಾದ ಅಡುಗೆಮನೆ, ವಿಶಾಲವಾದ ಅಂಗಳ ಬೇಕು. ಮಕ್ಕಳ ಸ್ವಾಧ್ಯಾಯ ಶಿಬಿರಕ್ಕೆ ಚಾವಡಿಗಿಂತ ಒಳ್ಳೆಯ ಸ್ಥಳವಿಲ್ಲ.

ಪ್ರವಾಸಿಗಳಿಗೆ ತಂಗಲು ಕೊಟ್ಟು ವೆಚ್ಚ ಸರಿದೂಗಿಸುವ ಮಾತೂ ಕೇಳಿಬರುತ್ತದೆ. ಅದರಲ್ಲಿ ತಪ್ಪಿಲ್ಲ, ಆದರೆ ಅತಿಥಿಗಾಗಿ ಅಡುಗೆಮನೆಯ ನಿಯಮವನ್ನು ಸಡಿಲಿಸಿದರೆ ಉಳಿಯುವುದು ಬರಿಯ ಮರಗೆಲಸ. ಹೊತ್ತು ಮುಳುಗುವ ಮುನ್ನ ಊಟ, ಸೋಸಿದ ನೀರು, ಗಡ್ಡೆಗೆಣಸಿಲ್ಲದ ಪದಾರ್ಥ ಎಂದು ಮೊದಲೇ ತಿಳಿಸಿದರೆ ಬಾರದಿರುವವರು ಬಾರದಿರಲಿ.

ಬಸದಿಗಳ ಆಡಳಿತ ಮಂಡಳಿಗಳು ಇಲ್ಲಿ ಮಾಡಬಹುದಾದುದು ಬಹಳವಿದೆ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಪುರಾತತ್ತ್ವ ಇಲಾಖೆಯ ಸಹಯೋಗದಲ್ಲಿ ಹಳೆಯ ದೇವಾಲಯ, ಬಸದಿಗಳ ಜೀರ್ಣೋದ್ಧಾರ ಮಾಡುತ್ತ ಬಂದಿದೆ. ಮನೆಗಳಿಗೆ ಅಂಥ ಆಸರೆ ಅಪರೂಪ. ಬಸದಿಯ ಉತ್ಸವಕ್ಕೆ ಕಾಣಿಕೆ ಕೊಡುವ ಕೈಗಳು ಆ ಬಸದಿಯನ್ನು ಕಟ್ಟಿಸಿದ ಮನೆತನದ ಸೋರುವ ಮಾಡಿನ ಕಡೆಗೂ ತಿರುಗಬಹುದಲ್ಲವೆ? ದೊಡ್ಡ ಯೋಜನೆಗಳು ಬೇಕಿಲ್ಲ. ಊರಿನ ಹಳೆಯ ಮನೆಗಳ ಅಳತೆ, ಕೆತ್ತನೆಗಳ ಚಿತ್ರ, ತಾಳೆಗರಿಗಳಿದ್ದರೆ ಅವುಗಳ ಪಟ್ಟಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಹೆಂಚಿನ ಮಾಡಿನ ಕೆಲಸ ಬಲ್ಲ ಮುದುಕ ಬಡಗಿಯ ಜೊತೆಗೆ ಇಬ್ಬರು ತರುಣರನ್ನು ಸಂಬಳ ಕೊಟ್ಟು ಕಳುಹಿಸಲಿ. ವರ್ಷಕ್ಕೆ ಒಂದು ಮನೆಯಾದರೂ ಸಾಕು: ಪತ್ತನಾಜೆಗೆ ಮುಂಚೆ ಹೆಂಚು ಇಳಿಸಿ, ಗೆದ್ದಲು ಹಿಡಿದ ಪಕ್ಕಾಸುಗಳನ್ನು ದೂರ ಗುಡ್ಡದಲ್ಲಿ ಇರಿಸಿ, ಹೊಸತನ್ನು ಜೋಡಿಸಿ, ಮುಂಗಾರಿನ ಮೊದಲ ಮಳೆ ಬೀಳುವುದರೊಳಗೆ ಮಾಡು ಮುಚ್ಚಿಸಬೇಕು.