ಮೀನಿನ ತೊಟ್ಟಿಯ ಗಾಳಿಪಂಪು



ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ನೀರನ್ನೂ ಕುಡಿದವನು ನಾನು. ಪಾವಗಡದಲ್ಲಿ ವೃತ್ತಿ ಆರಂಭಿಸಿ, ಶಿರಾ, ಕೊರಟಗೆರೆಗಳಲ್ಲಿ ವರ್ಗಾವಣೆಯ ವರ್ಷಗಳನ್ನು ಕಳೆದು, ಕೊನೆಗೆ ಮಧುಗಿರಿಯ ಏಕಶಿಲಾ ಬೆಟ್ಟದ ನೆರಳಿನಲ್ಲಿ ನಿವೃತ್ತನಾದೆ. ಈ ನಾಲ್ಕೂ ಕಡೆಗಳಲ್ಲಿ ನನ್ನಿಂದ ವಿಜ್ಞಾನ ಕಲಿತವರಿಗೆ ಶ್ರುತಿಕವೆಯ ಪ್ರಯೋಗ ನೆನಪಿರಬಹುದು. ಕವೆಯನ್ನು ರಬ್ಬರಿನ ತುಂಡಿಗೆ ಬಡಿದು ಗಾಳಿಯಲ್ಲಿ ಹಿಡಿದರೆ ಮುಂದಿನ ಬೆಂಚಿನವರಿಗೂ ಸರಿಯಾಗಿ ಕೇಳುತ್ತಿರಲಿಲ್ಲ. ಅದರ ಕಾಂಡವನ್ನು ಮೇಜಿನ ಮೇಲೆ ಊರಿದೊಡನೆ ಇಡೀ ಕೊಠಡಿಗೆ ನಾದ ತುಂಬುತ್ತಿತ್ತು. ಮಕ್ಕಳು ಕಣ್ಣರಳಿಸುತ್ತಿದ್ದರು, ನಾನು ಗೆದ್ದವನಂತೆ ನಿಲ್ಲುತ್ತಿದ್ದೆ. ಆ ಪಾಠವನ್ನು ನಾನೇ ಕಲಿತಿರಲಿಲ್ಲ ಎಂಬುದು 2024ರ ಬೇಸಿಗೆಯಲ್ಲಿ ಗೊತ್ತಾಯಿತು. ಅದಕ್ಕೆ ಎರಡು ಮೀನುಗಳು ಪ್ರಾಣ ತೆರಬೇಕಾಯಿತು.

ಆ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿರುವ ಮಗಳು ಮನೆ ಬದಲಾಯಿಸಿದಳು. ಹೊಸ ಮನೆಯಲ್ಲಿ ಸ್ಥಳವಿಲ್ಲವೆಂದು ಮೊಮ್ಮಗಳ ಎರಡಡಿ ಉದ್ದದ ಗಾಜಿನ ತೊಟ್ಟಿ, ನಾಲ್ಕು ಚಿನ್ನದ ಮೀನು, ಒಂದು ಗಾಳಿಪಂಪು, ಇವಿಷ್ಟೂ ನಮ್ಮ ಮನೆಗೆ ಬಂದವು. ಮೂರನೆಯ ತರಗತಿಯ ಆ ಹುಡುಗಿ, ಆಹಾರ ಎಷ್ಟು ಚಿಟಿಕೆ, ನೀರು ಯಾವ ವಾರ ಎಂದೆಲ್ಲ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ ಹೋದಳು. ನನ್ನ ಜೀವಮಾನದಲ್ಲಿ ಅಷ್ಟು ಸ್ಪಷ್ಟವಾದ ಸುತ್ತೋಲೆಯನ್ನು ಇಲಾಖೆಯಿಂದ ನಾನು ಪಡೆದದ್ದಿಲ್ಲ.

ತೊಟ್ಟಿಯನ್ನು ನಡುಮನೆಯ ಹಳೆಯ ಬೀಟೆಯ ಮೇಜಿನ ಮೇಲೆ ಇಟ್ಟೆವು; ಪಂಪನ್ನೂ ಅದರ ಪಕ್ಕದಲ್ಲಿಯೇ ಇಟ್ಟೆ. ನನ್ನ ಶ್ರೀಮತಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಾಗಿತ್ತು. ಅವಳೂ ನಡುಮನೆಯಲ್ಲಿಯೇ ಮಲಗುತ್ತಿದ್ದಳು. ಹಗಲಿನಲ್ಲಿ ಆ ಪಂಪಿನ ಸದ್ದು ಯಾರಿಗೂ ಕೇಳುತ್ತಿರಲಿಲ್ಲ. ರಾತ್ರಿ ಹತ್ತು ದಾಟಿತೆಂದರೆ ಜೇನುಗೂಡಿಗೆ ಕಲ್ಲು ಬಿದ್ದಂತೆ ಗುಂಯ್‌ಗುಡುತ್ತಿತ್ತು. ರಾತ್ರಿ ಲೋಕ ಮೌನವಾಗುವುದು ಒಂದು ಕಾರಣ. ಊರಿನ ಬಳಕೆ ತಗ್ಗಿದಾಗ ವೋಲ್ಟೇಜು ಏರುವುದು ಇನ್ನೊಂದು ಕಾರಣ. 230 ಇರಬೇಕಾದದ್ದು ನನ್ನ ಮೀಟರಿನಲ್ಲಿ ಒಮ್ಮೆ 250ನ್ನು ದಾಟಿತ್ತು.

ನಾಲ್ಕು ದಿನ ಸಹಿಸಿದ ನನ್ನಾಕೆ ಐದನೆಯ ದಿನ, "ನೋಡೀಂದ್ರೆ, ನೋವು ನಿದ್ದೆ ಕೆಡಿಸೋದು ಒಂದಾಯ್ತು, ಇದೂ ಸೇರ್ಕೊಂಡ್ರೆ ನಾನೇನ್ಮಾಡ್ಲಿ?" ಎಂದಳು. ರಾತ್ರಿ ನಿಲ್ಲಿಸಿಬಿಡೋಣವೆಂದರೆ ಬೇಸಿಗೆ. ಬಿಸಿನೀರಿನಲ್ಲಿ ಪ್ರಾಣವಾಯು ಕಡಮೆ ಕರಗುತ್ತದೆ: 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರಿಗೆ ಏಳೂವರೆ ಮಿಲಿಗ್ರಾಂ ಮಾತ್ರ ಸಾಧ್ಯ. ನಮ್ಮ ತೊಟ್ಟಿಯ ನೀರು ಆಗ 31ರಲ್ಲಿತ್ತು. ಚಿನ್ನದ ಮೀನೋ ತಣ್ಣೀರಿನ ಜೀವಿ, ಉಸಿರಿನ ಆಸೆಯೂ ಹೆಚ್ಚು. ಇಷ್ಟೆಲ್ಲವನ್ನೂ ಬಲ್ಲ ನಾನು ಮಾಡಿದ್ದೇನು? ಹೊಸ ಮಿಕ್ಸಿ ಬಂದಿದ್ದ ಥರ್ಮೋಕೋಲಿನ ಪೆಟ್ಟಿಗೆಯೊಳಗೆ ಪಂಪನ್ನಿಟ್ಟು, ಸುತ್ತಲೂ ಹಳೆಯ ದಿಂಬಿನ ಹತ್ತಿಯನ್ನು ತುರುಕಿ, ಮುಚ್ಚಳ ಹಾಕಿ, ಮೇಲೊಂದು ನಿಘಂಟನ್ನು ಹೇರಿದೆ. ಸದ್ದು ಅಡಗಿತು. ನನ್ನಾಕೆ ಮೂರು ರಾತ್ರಿ ನೆಮ್ಮದಿಯಾಗಿ ನಿದ್ರಿಸಿದಳು. ನನ್ನ ಹೆಮ್ಮೆಗೆ ಪಾರವಿರಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಎದ್ದಾಗ ಸುಟ್ಟ ವಾಸನೆ. ಪೆಟ್ಟಿಗೆಯ ಒಂದು ಮಗ್ಗುಲು ಕರಗಿ ಗುಳಿ ಬಿದ್ದಿತ್ತು. ಹತ್ತಿಗೆ ಬೆಂಕಿ ಹತ್ತದಿದ್ದುದು ನಮ್ಮ ಪುಣ್ಯ. ಮಂಡಿ ನೋವಿನವಳು ಎದ್ದು ಓಡುವ ಸ್ಥಿತಿಯಲ್ಲಿರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ತೊಟ್ಟಿಯಲ್ಲಿ ಎರಡು ಮೀನುಗಳು ಮಗ್ಗುಲಾಗಿ ತೇಲುತ್ತಿದ್ದವು. ಉಳಿದೆರಡು ನೀರಿನ ಮೇಲ್ಮೈಗೆ ಬಾಯಿಟ್ಟು ಗಾಳಿಯನ್ನು ಗುಟುಕರಿಸುತ್ತಿದ್ದವು.

ಬದುಕಿದ್ದವನ್ನು ಉಳಿಸಿಕೊಳ್ಳಲು ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಸುರಿಯತೊಡಗಿದೆ. ನೀರು ಬೀಳುವಾಗ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ನಾನು ದಣಿದಾಗ ನನ್ನಾಕೆ ಕುರ್ಚಿಯಲ್ಲಿ ಕುಳಿತೇ ಸುರಿದಳು. ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಆ ಸಂಜೆ ಮೊಮ್ಮಗಳು ವಿಡಿಯೋ ಕರೆ ಮಾಡಿ, "ತಾತ, ಇನ್ನೆರಡು ಎಲ್ಲಿ?" ಎಂದಳು. "ಗಿಡದ ಹಿಂದೆ ಇರಬೇಕು ಮಗಳೇ" ಎಂದುಬಿಟ್ಟೆ. ಮೂರು ದಶಕಕ್ಕೂ ಮೀರಿ ಮಕ್ಕಳಿಗೆ ಸತ್ಯ ಹೇಳಿರೆಂದು ಬೋಧಿಸಿದ ಬಾಯಿ ಅದು.

ಮರುದಿನ ಬೆಳಗಾಗುತ್ತಲೇ ಕೊರಟಗೆರೆಯ ಮೇಲೆ ಹೋಗುವ ಬಸ್ಸು ಹಿಡಿದು ತುಮಕೂರಿಗೆ ಹೋಗಿ ಎರಡು ಪಂಪುಗಳನ್ನು ಕೊಂಡುತಂದೆ. ಒಂದನ್ನು ಕೂಡಲೇ ತೊಟ್ಟಿಗೆ ಜೋಡಿಸಿದೆ. ಅದೂ ಗುಂಯ್ ಎಂದಿತು. ಇನ್ನೊಂದನ್ನೂ ಸುಟ್ಟದ್ದನ್ನೂ ಚೀಲಕ್ಕೆ ಹಾಕಿಕೊಂಡು ಶಿರಾ ರಸ್ತೆಯ ಕಡೆಗಿರುವ ಒಂದು ಮೋಟಾರ್ ವೈಂಡಿಂಗ್ ಅಂಗಡಿಗೆ ನಡೆದೆ. ನಮ್ಮ ಸೀಮೆಯಲ್ಲಿ ಇಂಥ ಅಂಗಡಿಗಳಿಗೆ ಬರವಿಲ್ಲ. ಸಾವಿರ ಅಡಿ ಆಳದ ಕೊಳವೆಬಾವಿಯಿಂದ ನೀರೆತ್ತುವ ಮೋಟಾರುಗಳು ವೋಲ್ಟೇಜಿನ ಏರಿಳಿತಕ್ಕೆ ಸುಟ್ಟು ಸುಟ್ಟು ಇಲ್ಲಿಗೆ ಬರುತ್ತಲೇ ಇರುತ್ತವೆ.

ಅಂಗಡಿಯಾತ ಕೈಯನ್ನು ಬನಿಯನ್ನಿಗೆ ಒರೆಸಿಕೊಂಡು ಎದ್ದು ನಿಂತ. "ಸಾರ್, ನೀವಾ! ಬನ್ನಿ ಸಾರ್, ಕೂತ್ಕೊಳ್ಳಿ." ತಲೆಯಲ್ಲಿ ಅರ್ಧ ನರೆ. ನನಗೆ ಗುರುತು ಹತ್ತಲಿಲ್ಲ. ಪಾವಗಡದವನು, ನಕ್ಕಾಗ ಹಲ್ಲಿನ ಮೇಲಿನ ಕಂದು ಪಟ್ಟಿಗಳನ್ನು ನೋಡಿಯೇ ಊರನ್ನು ಊಹಿಸಬಹುದಿತ್ತು. ಅಲ್ಲಿನ ಫ್ಲೋರೈಡ್ ನೀರು ಎಷ್ಟು ಮಕ್ಕಳಿಗೆ ಆ ಗುರುತನ್ನು ಹಾಕಿ ಕಳುಹಿಸಿದೆಯೋ! "ಎಸ್ಸೆಸ್ಸೆಲ್ಸಿಲಿ ನಿಮ್ ಸಬ್ಜೆಕ್ಟಲ್ಲೇ ಸಾರ್ ಹೋಗಿದ್ದು" ಎಂದು ಯಾವ ಕಹಿಯೂ ಇಲ್ಲದೆ ಹೇಳಿ, ಹುಡುಗನನ್ನು ಟೀ ತರಲು ಅಟ್ಟಿದ.

ಸುಟ್ಟ ಪಂಪನ್ನು ಬಿಚ್ಚಿದ. ಒಳಗಿರುವುದು ಬಹಳ ಸರಳವಾದ ಯಂತ್ರ. ತೆಳ್ಳಗಿನ ಕಬ್ಬಿಣದ ತಗಡುಗಳನ್ನು ಪದರ ಪದರವಾಗಿ ಜೋಡಿಸಿ, ಅದರ ಮೇಲೆ ಕೂದಲಿನಂಥ ತಾಮ್ರದ ತಂತಿ ಸುತ್ತಿದ ವಿದ್ಯುತ್ಕಾಂತ. ಅದರೆದುರು ಒಂದು ತೋಳು. ತೋಳಿನ ತುದಿಯಲ್ಲಿ ಚಿಕ್ಕ ಶಾಶ್ವತ ಅಯಸ್ಕಾಂತ. ನಮ್ಮ ಮನೆಗಳ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತ ಪೂರೈಸುವುದರಿಂದ ಆ ತೋಳು ಸೆಕೆಂಡಿಗೆ 50 ಬಾರಿ ಹೋಗಿ ಬರುತ್ತದೆ. ತೋಳಿಗೆ ಕಚ್ಚಿಕೊಂಡ ರಬ್ಬರಿನ ಬಟ್ಟಲು ಅಷ್ಟೇ ಬಾರಿ ಉಬ್ಬಿ ಕುಗ್ಗಿ ಗಾಳಿಯನ್ನು ಕೊಳವೆಗೆ ನೂಕುತ್ತದೆ. ಕಮ್ಮಾರನ ತಿದಿಯೇ, ಗಾತ್ರ ಮಾತ್ರ ಬೆರಳಿನಷ್ಟು.

"ಕಾಯಿಲ್ ಹೋಗೈತೆ ಸಾರ್. ಇಷ್ಟು ಸಣ್ಣ ತಂತಿ ನಮ್ಮತ್ರ ಇಲ್ಲ" ಎಂದ. ಆಮೇಲೆ ನನ್ನ ಮುಖವನ್ನು ನೋಡಿ, "ಎಲ್ಲಿ ಇಟ್ಟಿದ್ರಿ?" ಎಂದು ಕೇಳಿದ. ಥರ್ಮೋಕೋಲು, ಹತ್ತಿ, ನಿಘಂಟು, ಎಲ್ಲವನ್ನೂ ಹೇಳಿದೆ. ನಗಲಿಲ್ಲ, ಪುಣ್ಯಾತ್ಮ.

"ಅದಕ್ಕೂ ಮುಂಚೆ?"

"ಮೇಜಿನ ಮೇಲೆ."

"ಮತ್ತೆ ಸದ್ದು ಬರದೆ ಇರುತ್ತಾ ಸಾರ್? ನೀವು ಕ್ಲಾಸಲ್ಲಿ ಆ ಕವೆ ಮೇಜಿನ ಮೇಲೆ ಊರಿ ತೋರ್ಸ್ತಿದ್ರಲ್ಲ, ಇದೂ ಅದೇ ಅಲ್ವಾ?"

ಟೀ ಲೋಟ ಕೈಯಲ್ಲಿಯೇ ಉಳಿಯಿತು. ಪಂಪು ಮಾಡುವ ಸದ್ದು ಅತ್ಯಲ್ಪ. ಕೂಗುತ್ತಿದ್ದುದು ನನ್ನ ಬೀಟೆಯ ಮೇಜು. ನಾನು ಮೇಜಿನ ಬಾಯಿ ಬಿಡಿಸುವುದನ್ನು ಬಿಟ್ಟು ಪಂಪಿನ ಉಸಿರು ಕಟ್ಟಿಸಿದ್ದೆ. ಥರ್ಮೋಕೋಲು ಶಬ್ದಕ್ಕಿಂತ ಚೆನ್ನಾಗಿ ಶಾಖವನ್ನು ತಡೆಯುವ ವಸ್ತು. ತಿರುಪತಿ ಲಡ್ಡುವಿನಷ್ಟು ದೊಡ್ಡ ಆ ಪಂಪು ಬಳಸುವುದು ನಾಲ್ಕು ವ್ಯಾಟ್ ಮಾತ್ರ, ತಿಂಗಳಿಗೆ ಮೂರು ಯೂನಿಟ್ಟು. ಆ ನಾಲ್ಕು ವ್ಯಾಟ್ ಹೊರಗೆ ಹೋಗಲು ದಾರಿಯಿಲ್ಲದೆ ಗಂಟೆಗಟ್ಟಲೆ ಒಳಗೇ ಕೂಡಿಕೊಂಡರೆ ತಂತಿಯ ಮೇಲಿನ ಅರಗು ಕರಗದೆ ಇನ್ನೇನು?

ಹೊಸ ಪಂಪನ್ನು ಇಬ್ಬರೂ ಕುಳಿತು ಸರಿಪಡಿಸಿದೆವು. ಅವನು ಮಾಡಿದ, ನಾನು ದೀಪ ಹಿಡಿದೆ ಎನ್ನುವುದು ಹೆಚ್ಚು ಸರಿ. ಮೊದಲು ಅವನು ತಗಡುಗಳ ಪದರವನ್ನು ಕಿವಿಗೆ ಹತ್ತಿರ ಹಿಡಿದು, ಬೆರಳಿನಿಂದ ಒತ್ತಿ ನೋಡಿದ. ಬಿಗಿಯಿಲ್ಲದ ತಗಡುಗಳು ಒಂದಕ್ಕೊಂದು ತಾಗಿ ಸೆಕೆಂಡಿಗೆ 100 ಬಾರಿ ನಡುಗುತ್ತವೆ. ಟ್ರಾನ್ಸ್‌ಫಾರ್ಮರಿನ ಕೆಳಗೆ ನಿಂತಾಗ ಕೇಳುವುದು ಇದೇ ಸದ್ದು. ಮೋಟಾರುಗಳಿಗೆ ಬಳಿಯುವ ವಾರ್ನಿಷನ್ನೇ ಅಂಚಿಗೆ ಉಣಿಸಿ ಎರಡು ದಿನ ಒಣಗಲು ಬಿಟ್ಟ. ಅನಂತರ, ವಿದ್ಯುತ್ಕಾಂತ ಪ್ಲಾಸ್ಟಿಕ್ ಕವಚಕ್ಕೆ ತಾಗುವ ಕಡೆಗಳಲ್ಲೆಲ್ಲ ಸೈಕಲ್ ಟ್ಯೂಬಿನ ಚೂರುಗಳನ್ನು ಕೊಟ್ಟ. ಅಯಸ್ಕಾಂತದ ತೋಳು ಒಂದು ಕಡೆಗೆ ವಾಲಿತ್ತು, ಅದನ್ನು ನಡುವಿಗೆ ತಂದ. ಕವಚದ ತಳದಲ್ಲಿ ನಾಲ್ಕು, ಮೇಲೆ ನಾಲ್ಕು ಸಣ್ಣ ರಂಧ್ರಗಳನ್ನು ಕೊರೆದ. ಬಿಸಿಗಾಳಿ ಮೇಲಿನಿಂದ ಹೊರಟರೆ ತಣ್ಣನೆಯದು ಕೆಳಗಿನಿಂದ ಬರುತ್ತದೆ. ಕೊರೆದರೆ ಸದ್ದು ಹೆಚ್ಚುವುದಿಲ್ಲವೇ ಎಂದು ನಾನು ಆಕ್ಷೇಪಿಸಿದೆ. "ಸದ್ದಿನ ಮೂಲಾನೇ ಕಟ್ಟಿದೀವಲ್ಲ ಸಾರ್, ತೂತಿಂದ ಏನು ಬರುತ್ತೆ?" ಎಂದ.

ಹಣ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. ವಾರ್ನಿಷಿನ ಬೆಲೆಯನ್ನಾದರೂ ತೆಗೆದುಕೋ ಎಂದರೆ, "ಇನ್ನೊಂದ್ಸಲ ಪಾಸ್ ಮಾಡ್ಸಿ ಸಾರ್" ಎಂದು ನಕ್ಕ. ನಾನೂ ನಕ್ಕೆ. ಮನೆಯವರೆಗೂ ಆ ಮಾತು ನನ್ನೊಡನೆಯೇ ಬಂತು.

ಮನೆಯಲ್ಲಿ ನನ್ನ ಪಾಲಿನ ಕೆಲಸ ಉಳಿದಿತ್ತು. ಪಂಪನ್ನು ಮೇಜಿನಿಂದ ಬಿಡಿಸಿ, ಗೋಡೆಯ ಮೊಳೆಗೆ ಎರಡು ಟ್ಯೂಬಿನ ಪಟ್ಟಿಗಳಿಂದ ತೂಗುಹಾಕಿದೆ, ಗೋಡೆಗೂ ತಾಗದಂತೆ. ನೀರಿನ ಮಟ್ಟಕ್ಕಿಂತ ಮೇಲೆಯೇ ಹಾಕಿದೆ. ಕೆಳಗಿದ್ದರೆ ಕರೆಂಟು ಹೋದಾಗ ತೊಟ್ಟಿಯ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ಇಳಿಯುತ್ತದೆ. ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನ 2019ರಲ್ಲಿ ಪೂರ್ಣಗೊಂಡಿತಾದರೂ ಸೂರ್ಯ ಮುಳುಗಿದ ಮೇಲಿನ ನಮ್ಮ ಮೀನಿಗೆ ಅದರಿಂದ ಪ್ರಯೋಜನವಿಲ್ಲ. ವೋಲ್ಟೇಜು ಇಳಿಸಲೆಂದು ಅಟ್ಟದಲ್ಲಿದ್ದ ಹಳೆಯ ಟೀವಿಯ ಸ್ಟೆಬಿಲೈಜರನ್ನೂ ಜೋಡಿಸಿ ನೋಡಿದೆ. ಅದು ಪಂಪಿಗಿಂತ ಜೋರಾಗಿ ಗೊಣಗಿತು. ಮತ್ತೆ ಅಟ್ಟಕ್ಕೆ ಹೋಯಿತು.

ಇನ್ನು ಗಾಳಿಕಲ್ಲು. ಗುಳ್ಳೆಗಳನ್ನು ಬಿಡುವ ಆ ತೂತುಗಲ್ಲಿನ ಮೇಲೆ ನಮ್ಮ ಕೊಳವೆಬಾವಿಯ ಗಡಸು ನೀರು ಮೂರೇ ವಾರದಲ್ಲಿ ಸುಣ್ಣದ ಹೊದಿಕೆ ಹಾಕಿತ್ತು. ತೂತು ಕಟ್ಟಿದರೆ ಎದುರೊತ್ತಡ ಹೆಚ್ಚುತ್ತದೆ, ರಬ್ಬರು ಹೆಣಗುತ್ತದೆ, ಸದ್ದೂ ಬಿಸಿಯೂ ಏರುತ್ತವೆ. ಹಿತ್ತಾಳೆ ಪಾತ್ರೆಗೆ ಹುಣಿಸೆಹಣ್ಣು ಹಾಕುವಂತೆ ಇದಕ್ಕೂ ಹಾಕಿ ಎಂದಳು ನನ್ನಾಕೆ. ನಮ್ಮ ಕಡೆ ಹುಣಿಸೆಗೇನು ಕೊರತೆ? ಒಂದು ರಾತ್ರಿ ನೆನೆಸಿದರೂ ಕಲ್ಲು ಬಿಡಲಿಲ್ಲ. ಹುಣಿಸೆಯ ಟಾರ್ಟಾರಿಕ್ ಆಮ್ಲ ಸುಣ್ಣದೊಡನೆ ಸೇರಿದರೆ ಹುಟ್ಟುವ ಲವಣ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ; ತೂತಿನಲ್ಲಿಯೇ ಕೂತುಬಿಡುತ್ತದೆ. ಗೋಬಿ ಮಂಚೂರಿಗೆ ಹಾಕುವ ವಿನೆಗರಿನಲ್ಲಿ ನೆನೆಸಿದಾಗ ನೊರೆಯೆದ್ದು ಹೊದಿಕೆ ಬಿಟ್ಟಿತು. ಚೆನ್ನಾಗಿ ತೊಳೆದು ಮರಳಿ ಹಾಕಿದೆ. ಕೊಳವೆಯ ನಡುವೆ ಟಿ ಆಕಾರದ ಜೋಡಣೆಯನ್ನಿಟ್ಟು, ಹೆಚ್ಚಾದ ಗಾಳಿ ಹೊರಹೋಗುವಂತೆ ಚಿಕ್ಕ ವಾಲ್ವು ಕೂಡಿಸಿದೆ. ಪಂಪಿನ ಹೊರೆ ಇನ್ನಷ್ಟು ಇಳಿಯಿತು.

ಆ ರಾತ್ರಿ ಹನ್ನೊಂದಕ್ಕೆ ಎದ್ದು ಪಂಪಿನ ಮೇಲೆ ಅಂಗೈಯಿಟ್ಟೆ. ಮಗುವಿನ ಹಣೆಯಷ್ಟು ಬೆಚ್ಚಗಿತ್ತು. ಕೇಳುತ್ತಿದ್ದುದು ನೀರಿನ ಗುಳುಗುಳು ಮಾತ್ರ. "ನಿಲ್ಸಿದ್ರಾ?" ಎಂದು ಕತ್ತಲಿನಲ್ಲಿ ನನ್ನಾಕೆಯ ಧ್ವನಿ ಬಂತು. ನಡೆಯುತ್ತಿದೆ ಎಂದೆ. ಆಮೇಲೆ ಅವಳೇ, "ಮಗೂಗೆ ನಿಜ ಹೇಳ್ಬಿಡಿ. ಅದು ದಿನಾ ಎಣಿಸ್ತಾ ಇದೆ" ಎಂದಳು.

ಮಾರನೆಯ ಸಂಜೆ ನಾನೇ ಕರೆ ಮಾಡಿದೆ. ಪೆಟ್ಟಿಗೆ, ಹತ್ತಿ, ನಿಘಂಟು, ಗಿಡದ ಹಿಂದಿನ ಸುಳ್ಳು, ಯಾವುದನ್ನೂ ಬಿಡದೆ ಹೇಳಿದೆ. ಹುಡುಗಿ ಅತ್ತಳು, ಫೋನನ್ನು ಸೋಫಾದ ಮೇಲೆ ಬಿಟ್ಟು ಎದ್ದುಹೋದಳು. ಪರದೆಯಲ್ಲಿ ಬಹಳ ಹೊತ್ತು ಅವರ ಮನೆಯ ಸೀಲಿಂಗ್ ಫ್ಯಾನನ್ನು ನೋಡುತ್ತ ಕುಳಿತೆ. ಮರಳಿ ಬಂದವಳು ಮೂಗೊರೆಸಿಕೊಂಡು, "ಪಂಪ್ ರಿಪೇರಿ ಮಾಡಿದ ಅಂಕಲ್ ನಿಮ್ಮ ಸ್ಟೂಡೆಂಟಾ ತಾತ?" ಎಂದು ಕೇಳಿದಳು. ಹೌದೆಂದೆ. "ಹಾಗಾದ್ರೆ ಮೊದಲೇ ಅವರನ್ನ ಕೇಳ್ಬೇಕಿತ್ತು" ಎಂದಳು.

ದಸರಾ ರಜೆಗೆ ಬಂದಾಗ ಗೋಡೆಯ ಮೇಲಿನ ತನ್ನ ಹಾಳೆಗೆ ಒಂದು ಸಾಲನ್ನು ಸೇರಿಸಿದ್ದಾಳೆ: ಪಂಪನ್ನು ಮುಚ್ಚಬಾರದು, ತಿಂಗಳಿಗೊಮ್ಮೆ ಕಲ್ಲಿಗೆ ವಿನೆಗರ್. ಕೆಳಗೆ ನನ್ನ ಸಹಿಯನ್ನೂ ಹಾಕಿಸಿಕೊಂಡಿದ್ದಾಳೆ.