ಆಡದೆ ಉಳಿದ ಮಾತು

ಉಪದೇಶವನ್ನು ಕೇಳುವವರಿಗಿಂತ ಕೊಡುವವರೇ ಅಧಿಕವಾದ ಲೋಕವಿದು. ಬೆಳಗಾವಿ-ಕೊಲ್ಲಾಪುರ ಹೆದ್ದಾರಿಯ ಮೇಲಿನ ಯಮಕನಮರಡಿಯ ನಿವೃತ್ತ ಶಿಕ್ಷಕರೊಬ್ಬರಿಗೆ ಇದರ ಅನುಭವವಾದದ್ದು ಜಿಮ್ಮಿನಲ್ಲಿ. ಸಕ್ಕರೆ ರೋಗಕ್ಕೆ ವ್ಯಾಯಾಮವೇ ಮದ್ದೆಂದು ವೈದ್ಯರು ಹೇಳಿದ್ದರಿಂದ ಅವರು ಅಲ್ಲಿಗೆ ಸೇರಿದ್ದರು.

ಅವರ ಏಕಾಂತ ಅಲ್ಲಿಯ ತರುಣನಿಗೆ ಸಹಿಸದು. ದಂಡ ಹೊಡೆಯಲು ಬಾಗಿದರೆ, “ಸರ, ಹಂಗಲ್ಲ, ಹಿಂಗ ಮಾಡ್ರಿ”, ಬೆವರೊರೆಸಿಕೊಂಡರೆ, “ಪ್ರೋಟೀನ್ ಪುಡಿ ತೊಗೋರಿ.” ಬೇಡವೆನ್ನಲು ಸಂಕೋಚಪಟ್ಟ ಶಿಕ್ಷಕರು ಹೋಗುವುದನ್ನೇ ಬಿಟ್ಟರು. ಆರು ವಾರಗಳಲ್ಲಿ ಸಕ್ಕರೆ ಮತ್ತೆ ಏರಿತು.

ಆಗ ನೆನಪಾದವರು ಬಾಲ್ಯದ ಗರಡಿಮನೆಯ ವಸ್ತಾದರು. ಹುಡುಗರು ಬಸ್ಕಿ ಹೊಡೆಯುವಾಗ ಅವರು ಮೌನವಾಗಿ ಕುಳಿತಿರುತ್ತಿದ್ದರು. ಯಾರದಾದರೂ ಮೊಣಕಾಲು ತಪ್ಪಿದಾಗ ಮಾತ್ರ ಕೋಲಿನಿಂದ ನೆಲವನ್ನು ತಟ್ಟುವರು.

ಮರುದಿನ ಶಿಕ್ಷಕರು ಜಿಮ್ಮಿಗೆ ಹೋಗಿ ಹೇಳಿದರು: “ತಮ್ಮಾ, ನನಗ ಒಬ್ಬನ ಮಾಡೂದು ರೂಢಿ. ಅಪಾಯ ಕಂಡ್ರ ತಡಿ. ಉಳಿದದ್ದು ನಾ ಕೇಳಿದಾಗ ಹೇಳು.” ತರುಣನು ಕ್ಷಣಕಾಲ ಪೆಚ್ಚಾದನು, ಬಳಿಕ, “ಆತ್ರಿ ಸರ” ಎಂದನು.

ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮವಿರಲೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿತು. ಅದು ಜೊತೆಗಾರರೊಡನೆಯೇ ನಡೆಯಬೇಕೆಂದಿಲ್ಲ. ಆದರೆ ಸಂಕೋಚದಿಂದ ಆಡದೆ ಉಳಿದ ಒಂದು ಮಾತು ಶಿಕ್ಷಕರ ಆರು ವಾರಗಳನ್ನು ನುಂಗಿತ್ತು.