ಕಿರಿನ್ಯಾಗದ ತಪ್ಪಲಿನಲ್ಲಿ ಒಂದು ಮೂಟೆ ಕಾಫಿ

ನೈರೋಬಿಯಿಂದ ಥಿಕಾ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ಸುಮಾರು 150 ಕಿಲೋಮೀಟರ್ ದೂರದಲ್ಲಿ ನ್ಯೆರಿ ಪಟ್ಟಣ ಸಿಗುತ್ತದೆ. ಥಿಕಾದ ಅನಾನಸ್ ಹೊಲಗಳು ಹಿಂದೆ ಸರಿದು, ಕರಾಟಿನಾ ಸಂತೆಯ ಗದ್ದಲ ಕಳೆಯುವ ಹೊತ್ತಿಗೆ ರಸ್ತೆಯ ಎರಡೂ ಬದಿಯಲ್ಲಿ ಅಚ್ಚ ಕೆಂಪು ಮಣ್ಣು. ಎಂದೋ ಉಗುಳಿದ ಜ್ವಾಲಾಮುಖಿಯ ಕೊಡುಗೆ ಅದು. ಮೋಡ ಸರಿದರೆ ಬಲಗಡೆ ಮೌಂಟ್ ಕೀನ್ಯಾ ಕಾಣಿಸುತ್ತದೆ. 5,199 ಮೀಟರ್ ಎತ್ತರದ ಈ ಪರ್ವತವನ್ನು ಕಿಕುಯು ಜನ ಕಿರಿನ್ಯಾಗ ಎನ್ನುತ್ತಾರೆ. ದೇಶಕ್ಕೆ ಹೆಸರು ಬಂದದ್ದೂ ಈ ಪರ್ವತದಿಂದಲೇ.

ಕೊಡಗು, ಚಿಕ್ಕಮಗಳೂರಿನ ತೋಟಗಳನ್ನು ನೋಡಿದವರಿಗೆ ಇಲ್ಲಿ ಮೊದಲು ಕಾಫಿ ತೋಟವೇ ಕಾಣಿಸುವುದಿಲ್ಲ. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಇಲ್ಲ. ಮನೆಯ ಪಕ್ಕದಲ್ಲಿ ಒಂದಿಷ್ಟು ಮೆಕ್ಕೆಜೋಳ, ಅವರೆಯಂಥ ಕಾಳು, ನಾಲ್ಕು ಬಾಳೆ, ಹಸುವಿಗೆ ನೇಪಿಯರ್ ಹುಲ್ಲು. ಇವುಗಳ ನಡುವೆ ಇಳಿಜಾರಿನಲ್ಲಿ, ಬಹುಪಾಲು ಬಯಲು ಬಿಸಿಲಿನಲ್ಲೇ, ಇನ್ನೂರರಷ್ಟು ಕಾಫಿ ಗಿಡ. ಇಂಥ ಸಣ್ಣ ಬೆಳೆಗಾರರು ದೇಶದಲ್ಲಿ ಸುಮಾರು 8 ಲಕ್ಷ ಮಂದಿ ಇದ್ದಾರೆಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಜಗತ್ತಿನ ಕಾಫಿ ರುಚಿಗಾರರು ಬೆರಗಿನಿಂದ ಹೆಸರಿಸುವ ಕೀನ್ಯಾ ಕಾಫಿಯ ದೊಡ್ಡ ಪಾಲು ಬರುವುದು ಈ ಹಿತ್ತಲುಗಳಿಂದ.

ಆ ರುಚಿಯಾದರೂ ಎಂಥದು? ಚಿಕೋರಿ ಬೆರೆಸಿದ ಗಟ್ಟಿ ಡಿಕಾಕ್ಷನ್‌ಗೆ ಹಾಲು ಹಾಕಿ ಕುಡಿಯುವ ನಮಗೆ ಮೊದಲ ಗುಟುಕು ಕೊಂಚ ಗಾಬರಿ ಹುಟ್ಟಿಸೀತು. ಕಾಫಿ ಹುಳಿ! ಆದರೆ ಅದು ಕೆಟ್ಟ ಹುಳಿಯಲ್ಲ, ಹಣ್ಣಿನ ಹುಳಿ. ಎತ್ತರದ ತಂಪು, ಕೆಂಪು ಮಣ್ಣು, 1930ರ ದಶಕದಲ್ಲಿ ನೈರೋಬಿ ಬಳಿಯ ಸ್ಕಾಟ್ ಪ್ರಯೋಗಾಲಯ ಆರಿಸಿಕೊಟ್ಟ ಎಸ್ಎಲ್ 28 ಮತ್ತು ಎಸ್ಎಲ್ 34 ತಳಿಗಳು, ಇವೆಲ್ಲ ಸೇರಿ ಬಂದ ಗುಣ ಅದು. ಅಂದಹಾಗೆ, ಮೈಸೂರು ಸೀಮೆಯ ತೋಟವೊಂದರಲ್ಲಿ 20ನೇ ಶತಮಾನದ ಆರಂಭದಲ್ಲಿ ಆರಿಸಿದ ನಮ್ಮ ಕೆಂಟ್ ತಳಿಯೂ ಪೂರ್ವ ಆಫ್ರಿಕಕ್ಕೆ ಹೋಗಿ ನೆಲೆಸಿದೆ.

ಕಾಫಿಯ ಮೂಲ ನೆಲವಾದ ಇಥಿಯೋಪಿಯ ಪಕ್ಕದಲ್ಲೇ ಇದ್ದರೂ ಕೀನ್ಯಾಕ್ಕೆ ಕಾಫಿ ಬಂದದ್ದು 1893ರಲ್ಲಿ, ಫ್ರೆಂಚ್ ಪಾದ್ರಿಗಳ ಕೈಯಿಂದ. ಆಮೇಲೆ ಬಿಳಿಯರ ಎಸ್ಟೇಟುಗಳು ಹಬ್ಬಿದವು. ಆ ಎಸ್ಟೇಟುಗಳಲ್ಲಿ ಕೂಲಿ ಮಾಡಿದ ಆಫ್ರಿಕನ್ನರು ಮಾತ್ರ ತಮ್ಮ ನೆಲದಲ್ಲಿ ಒಂದು ಗಿಡ ನೆಡುವಂತಿರಲಿಲ್ಲ. ರೋಗ ಹರಡೀತು, ಗುಣಮಟ್ಟ ಕೆಟ್ಟೀತು, ಹಣ್ಣು ಕಳ್ಳತನವಾದೀತು ಎಂಬ ನೆಪಗಳು. ಕೂಲಿಗೆ ಜನ ಸಿಗಲಾರರೆಂಬ ಭಯವೇ ಅವುಗಳ ಹಿಂದಿನ ನಿಜ ಎಂದು ನನ್ನ ಎಣಿಕೆ. 1930ರ ದಶಕದಲ್ಲಿ ಮೆರು, ಎಂಬು, ಕಿಸೀ ಪ್ರದೇಶಗಳಲ್ಲಿ ಕೆಲವರಿಗಷ್ಟೇ, ಗಿಡಗಳನ್ನು ಎಣಿಸಿ ಅನುಮತಿ ಸಿಕ್ಕಿತು. ಬಾಗಿಲು ಪೂರ್ತಿ ತೆರೆದದ್ದು ಮೌ ಮೌ ಬಂಡಾಯ ಭುಗಿಲೆದ್ದ ಮೇಲೆ, 1954ರ ಸ್ವಿನ್ನರ್ಟನ್ ಯೋಜನೆಯಲ್ಲಿ. ಈ ಪ್ರಾಂತದ ಹಿರಿಯರಿಗೆ ಕಾಫಿ ಗಿಡ ಬರಿಯ ಬೆಳೆಯಲ್ಲ, ಹೋರಾಡಿ ಪಡೆದ ಹಕ್ಕು.

ಮುಖ್ಯ ಕೊಯ್ಲು ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ. ಶಾಲೆಗಳಿಗೆ ವರ್ಷಾಂತ್ಯದ ರಜೆ ಬರುವುದೂ ಆಗಲೇ. ಹೀಗಾಗಿ ಮಕ್ಕಳೂ ಬುಟ್ಟಿ ಹಿಡಿಯುತ್ತಾರೆ. ಅಂದು ಕೊಯ್ದ ಹಣ್ಣು ಅಂದೇ ಸಹಕಾರ ಸಂಘದ ‘ಫ್ಯಾಕ್ಟರಿ’ ಸೇರಬೇಕು. ಫ್ಯಾಕ್ಟರಿ ಎಂದರೆ ಹೊಗೆ ಉಗುಳುವ ಕಾರ್ಖಾನೆಯಲ್ಲ. ಹಳ್ಳದ ಪಕ್ಕದಲ್ಲಿ ಒಂದು ಪಲ್ಪಿಂಗ್ ಯಂತ್ರ, ಕೆಲವು ಸಿಮೆಂಟ್ ತೊಟ್ಟಿ, ಉದ್ದಕ್ಕೂ ಸೊಂಟದೆತ್ತರದ ಅಟ್ಟಣೆಗಳು, ಅಷ್ಟೆ. ತಂದವರೇ ಹಣ್ಣನ್ನು ನೆಲಕ್ಕೆ ಸುರಿದು ಕಾಯಿ, ಒಣಗಿದ್ದು, ರೋಗ ಹಿಡಿದದ್ದನ್ನು ಕೈಯಿಂದ ಆರಿಸಿ ಬೇರೆ ಮಾಡುತ್ತಾರೆ. ಆಮೇಲೆ ತೂಕ, ಚೀಟಿ. ಸಿಪ್ಪೆ ಬಿಡಿಸಿದ ಬೀಜ ರಾತ್ರಿಯೆಲ್ಲ ತೊಟ್ಟಿಯಲ್ಲಿ ಹುದುಗುತ್ತದೆ. ಅಂಟು ಬಿಟ್ಟ ಮೇಲೆ ತೊಳೆದು, ಅನೇಕ ಕಡೆ ಮತ್ತೊಂದು ದಿನ ಶುದ್ಧ ನೀರಿನಲ್ಲಿ ನೆನೆಹಾಕಿ, ಅಟ್ಟಣೆಯ ಮೇಲೆ ಎರಡು ಮೂರು ವಾರ ಒಣಗಿಸುತ್ತಾರೆ. ನಡುಮಧ್ಯಾಹ್ನ ಬಿಸಿಲು ಹೆಚ್ಚಾದರೆ ಹೊದಿಕೆ. ಹೆಂಗಸರು ಅಟ್ಟಣೆಯ ಉದ್ದಕ್ಕೂ ನಿಂತು ಒಡೆದ ಬೀಜ ಆರಿಸುತ್ತಲೇ ಇರುತ್ತಾರೆ. ಮನೆಯಲ್ಲಿ ಅಕ್ಕಿ ಆರಿಸುವ ತಾಳ್ಮೆ ಅದು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಇಲ್ಲಿ ಒಂದು ಗಿಡದ ಸರಾಸರಿ ಇಳುವರಿ ವರ್ಷಕ್ಕೆ 2 ಕಿಲೋ ಹಣ್ಣಿನ ಆಸುಪಾಸು. ಇನ್ನೂರು ಗಿಡಕ್ಕೆ 400 ಕಿಲೋ. ಒಂದು ಕಿಲೋ ಹಸಿರು ಬೀಜಕ್ಕೆ ಆರೇಳು ಕಿಲೋ ಹಣ್ಣು ಬೇಕು. ಅಂದರೆ ಒಂದು ಕುಟುಂಬದ ಇಡೀ ವರ್ಷದ ಬೆಳೆ 60 ಕಿಲೋದ ಒಂದೇ ಒಂದು ಮೂಟೆ.

ಆ ಮೂಟೆ ನೂರಾರು ಮನೆಗಳ ಮೂಟೆಯೊಂದಿಗೆ ಬೆರೆತು, ಗಾತ್ರದ ಪ್ರಕಾರ ಎಎ, ಎಬಿ, ಪೀಬೆರಿ ಎಂದು ವಿಂಗಡಣೆಯಾಗಿ ನೈರೋಬಿಯ ಹರಾಜಿಗೆ ಹೋಗುತ್ತದೆ. ಹರಾಜು ನಡೆಯುವ ಕಟ್ಟಡದ ಹೆಸರು ವಕುಲಿಮಾ ಹೌಸ್. ಸ್ವಾಹಿಲಿಯಲ್ಲಿ ವಕುಲಿಮಾ ಎಂದರೆ ರೈತರು. ಒಳಗೆ ಕೂತು ಬೆಲೆ ಕೂಗುವವರು ಮಾತ್ರ ಪರವಾನಗಿ ಪಡೆದ ವ್ಯಾಪಾರಿಗಳು. ಬಂದ ಹಣದಲ್ಲಿ ಮಿಲ್ಲಿನ ಖರ್ಚು, ಮಾರಾಟದ ದಲ್ಲಾಳಿ, ಸಂಘದ ಖರ್ಚು, ಹಳೆಯ ಗೊಬ್ಬರದ ಸಾಲ ಕಳೆದು ಉಳಿದದ್ದು ರೈತನಿಗೆ. ಅದೂ ಬಹುಕಾಲ ಕೊಯ್ಲಾದ ಎಷ್ಟೋ ತಿಂಗಳ ಮೇಲೆ. ಅಲ್ಲಿ ಶಾಲೆ ಆರಂಭವಾಗುವುದು ಜನವರಿಯಲ್ಲಿ. ಡಿಸೆಂಬರಿನಲ್ಲಿ ಹಣ್ಣು ಕೊಯ್ದ ಮಗುವಿನ ಫೀಸಿಗೆ ಆ ಹಣ್ಣಿನ ದುಡ್ಡು ಒದಗುವುದಿಲ್ಲ, ಸಾಲವೇ ಗತಿ. ಹಾಗಿದ್ದೂ ಈ ಸೀಮೆಯ ಎಷ್ಟೋ ಮೇಷ್ಟ್ರು, ಡಾಕ್ಟರು, ಅಧಿಕಾರಿಗಳು ಓದಿದ್ದು ಕಾಫಿಯ ದುಡ್ಡಿನಿಂದಲೇ.

1987-88ರಲ್ಲಿ ಕೀನ್ಯಾ 1.28 ಲಕ್ಷ ಟನ್ನಿನಷ್ಟು ಕಾಫಿ ಬೆಳೆದಿತ್ತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಕುಸಿಯಿತು, ಬೆಲೆ ಪಾತಾಳಕ್ಕಿಳಿಯಿತು, 1990ರ ದಶಕದಲ್ಲಿ ದೊಡ್ಡ ಸಂಘಗಳು ಜಗಳವಾಡಿ ಒಡೆದವು. ಈಚಿನ ವರ್ಷಗಳ ಬೆಳೆ 50 ಸಾವಿರ ಟನ್ನಿನ ಆಜುಬಾಜು. ನೈರೋಬಿಗೆ ಹತ್ತಿರದ ಕಿಯಾಂಬುವಿನಲ್ಲಿ ಕಾಫಿ ನೆಲ ನಿವೇಶನಗಳಾಗಿದೆ. ಓದಿದ ಮಕ್ಕಳು ಪಟ್ಟಣ ಸೇರಿದ್ದಾರೆ; ಗಿಡ ನೋಡಿಕೊಳ್ಳುವವರು ಹೆಚ್ಚಾಗಿ ಅಜ್ಜ, ಅಜ್ಜಿಯರು. ಅವರನ್ನು ದೂರುವ ಮನಸ್ಸು ಯಾರಿಗೆ ಬಂದೀತು? ಓದಿಸಿದ್ದೇ ಈ ಕಷ್ಟ ಬೇಡವೆಂದು.

ಬದಲಾವಣೆಯ ಪ್ರಯತ್ನಗಳೂ ನಡೆದಿವೆ. 2023ರಲ್ಲಿ ಹರಾಜಿನ ಹಣವನ್ನು ಬ್ಯಾಂಕಿನ ಮೂಲಕ ನೇರವಾಗಿ ಹಂಚುವ ವ್ಯವಸ್ಥೆ ಬಂತು. ನ್ಯೆರಿಯ ದೆದಾನ್ ಕಿಮಾಥಿ ವಿಶ್ವವಿದ್ಯಾಲಯಕ್ಕೆ ಸ್ವಂತ ಕಾಫಿ ತೋಟವೇ ಇದೆ. ರುಯಿರುವಿನ ಸಂಶೋಧನಾ ಕೇಂದ್ರ ಕಾಯಿ ಕೊಳೆಸುವ ರೋಗ ತಡೆಯುವ ಬಾಟಿಯನ್ ಎಂಬ ತಳಿಯನ್ನು 2010ರಲ್ಲಿ ಬಿಡುಗಡೆ ಮಾಡಿದೆ. ಮೌಂಟ್ ಕೀನ್ಯಾದ ಅತ್ಯುನ್ನತ ಶಿಖರದ ಹೆಸರು ಅದಕ್ಕೆ. ಆದರೆ ಹೊರಗಿನ ಕೊಳ್ಳುವವರು ಇನ್ನೂ ಎಸ್ಎಲ್ 28ರ ರುಚಿಯನ್ನೇ ಕೇಳುತ್ತಾರೆ, ಹೊಸ ಗಿಡ ಫಲ ಕೊಡುವವರೆಗೆ ಕಾಯುವ ಶಕ್ತಿಯೂ ರೈತನಿಗಿಲ್ಲ. ಅದಕ್ಕೊಂದು ಉಪಾಯವಿದೆ. ಹಳೆಯ ಗಿಡವನ್ನು ಕೀಳದೆ ಬುಡದಿಂದ ಹೊಸ ಚಿಗುರು ಬರಿಸಿ, ಅದಕ್ಕೆ ಹೊಸ ತಳಿಯ ಕಸಿ ಕಟ್ಟುತ್ತಾರೆ. ಕಸಿ ಬೆಳೆದು ಹಣ್ಣು ಬಿಡುವ ತನಕ ಹಳೆಯ ಕಾಂಡವೊಂದನ್ನು ಹಾಗೇ ಉಳಿಸಿಕೊಳ್ಳುತ್ತಾರೆ, ಆ ವರ್ಷಗಳ ಫೀಸಿಗೆ.